ಬೆಳ್ಳಿ ತಂತಿಗಿಂತ ಮೊದಲು ಶೀಲ್ಡ್ ನೋಡಿ

ಡ್ಯಾಕ್‌ನಿಂದ (ಡಿಜಿಟಲ್ ಸಂಗೀತವನ್ನ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಆ್ಯಂಪ್‌ಗೆ (ಆ್ಯಂಪ್ಲಿಫೈಯರ್) ಒಂದು ಮೀಟರ್ ಆರ್‌ಸಿಎ ಕೇಬಲ್ (ನಡುವೆ ಪಿನ್ನು, ಸುತ್ತ ಉಂಗುರ ಇರುವ ಪ್ಲಗ್‌ನ ಆಡಿಯೋ ಕೇಬಲ್) ಬೇಕು, ಶುದ್ಧ ಬೆಳ್ಳಿಯದು ತಗೊಳ್ಳಲೋ ಬೆಳ್ಳಿ ಲೇಪದ ತಾಮ್ರದ್ದೋ, ಪ್ಲಗ್ ಚಿನ್ನದ್ದೋ ರೋಡಿಯಂದೋ ಅಂತ ಕೇಳಿದ್ದೀರಿ. ನನ್ನ ಸಲಹೆ: ಸಾದಾ ತಾಮ್ರ, ಒತ್ತಾಗಿ ಹೆಣೆದ ಶೀಲ್ಡ್ (ಒಳಗಿನ ತಂತಿಯ ಸುತ್ತಲಿನ ಲೋಹದ ಜಾಲರಿ), ಬಿಗಿಯಾಗಿ ಕೂರುವ ಚಿನ್ನದ ಲೇಪದ ಪ್ಲಗ್.

ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಅನ್ನೋದು ನಿಜ. ಆದರೆ ವ್ಯತ್ಯಾಸ ಶೇ. 6ರ ಆಸುಪಾಸು ಅಷ್ಟೇ. ಒಂದು ಮೀಟರ್ ತೆಳು ತಾಮ್ರದ ತಂತಿಯ ರೋಧ 0.1 ಓಮ್ ಅಂತ ಇಟ್ಕೊಳ್ಳಿ, ಬೆಳ್ಳಿ ಹಾಕಿದರೆ 0.094 ಆಗುತ್ತೆ. ಈಚೆ ತುದಿಯಲ್ಲಿ ಡ್ಯಾಕ್‌ನದೇ ನೂರಿನ್ನೂರು ಓಮ್, ಆಚೆ ತುದಿಯಲ್ಲಿ ಆ್ಯಂಪ್‌ನ 20,000 ಓಮ್. ಇವೆರಡರ ನಡುವೆ 0.006 ಓಮ್ ಉಳಿಸಿದರೆ ಕಿವಿಗೆ ಏನೂ ತಲುಪಲ್ಲ. ಆಮ್ಲಜನಕರಹಿತ ತಾಮ್ರದ ಕತೆಯೂ ಇಷ್ಟೇ. ಮಾಮೂಲಿ ವಿದ್ಯುತ್ ತಾಮ್ರವೇ ಶೇ. 99.9 ಶುದ್ಧ.

ಬೆಳ್ಳಿ ಲೇಪದಿಂದ ಮೇಲಿನ ಸ್ವರಗಳು ಹೊಳೆಯುತ್ತವೆ ಅಂತಾರೆ. ಮೆಗಾಹರ್ಟ್ಸ್‌ಗಳಲ್ಲಿ ಕರೆಂಟು ತಂತಿಯ ಮೇಲ್ಮೈಯಲ್ಲೇ ಹರಿಯುತ್ತೆ, ಅದಕ್ಕೇ ರೇಡಿಯೋ ಕೆಲಸಕ್ಕೆ ಆ ಲೇಪ ಬೇಕು. ಟೆಫ್ಲಾನ್ ಹೊದಿಕೆ ಹಾಕುವಾಗಿನ ಬಿಸಿಯಲ್ಲಿ ತಾಮ್ರ ಕೆಡದಿರಲೂ ಅದು ಬೇಕು. ಆದರೆ 20 ಕಿಲೋಹರ್ಟ್ಸ್‌ನಲ್ಲಿ ಕರೆಂಟು ತಾಮ್ರದೊಳಗೆ ಸುಮಾರು 0.46 ಮಿ.ಮೀ. ಆಳಕ್ಕೆ ಇಳಿಯುತ್ತೆ. ನಮ್ಮ ಎಳೆಗಳು ಅದಕ್ಕಿಂತ ಎಷ್ಟೋ ತೆಳು, ಹಾಗಾಗಿ ಇಡೀ ಎಳೆಯೇ ಕೆಲಸ ಮಾಡುತ್ತೆ.

ನಾನು ಒತ್ತಿ ಹೇಳಬೇಕಿರೋದು ಶೀಲ್ಡ್ ಬಗ್ಗೆ. ಆರ್‌ಸಿಎಯಲ್ಲಿ ಶೀಲ್ಡ್ ಬರೀ ರಕ್ಷಣೆಗಲ್ಲ, ಸಿಗ್ನಲ್ ವಾಪಸ್ ಬರುವ ದಾರಿಯೂ ಅದೇ. ಎರಡು ಉಪಕರಣಗಳ ಮಧ್ಯೆ ಮೇನ್ಸ್‌ನಿಂದ ಸೋರುವ ಕರೆಂಟೂ ಅದರಲ್ಲೇ ಓಡಾಡುತ್ತೆ. ಆ ಸೋರಿಕೆ 100 ಮೈಕ್ರೋಆಂಪಿಯರ್ ಅಂದ್ಕೊಳ್ಳಿ. ಶೀಲ್ಡ್ ಮತ್ತು ಅದರ ಜಾಯಿಂಟು ಸೇರಿ 0.02 ಓಮ್ ಇದ್ದರೆ ಸಂಗೀತದ ಜೊತೆ ಬೆರೆಯುವ ಹಮ್ (ಗುಂಯ್ ಸದ್ದು) 2 ಮೈಕ್ರೋವೋಲ್ಟ್. ಜಾಯಿಂಟು ಕೆಟ್ಟು 1 ಓಮ್ ಆದರೆ 100 ಮೈಕ್ರೋವೋಲ್ಟ್, ಅಂದರೆ 50 ಪಟ್ಟು! ಒಳಗಿನ ತಂತಿಗೆ ಯಾವ ಲೋಹ ಹಾಕಿದರೂ ಇಷ್ಟು ದೊಡ್ಡ ವ್ಯತ್ಯಾಸ ಬರಲ್ಲ.

ನನಗಿದು ಅನುಭವದಿಂದ ಬಂದ ಪಾಠ. ಎಡ ಚಾನೆಲ್‌ನಲ್ಲಿ ಸಣ್ಣ ಗುಂಯ್ ಇತ್ತು. ಬೆಳ್ಳಿ ಕೇಬಲ್ ಹಾಕಿದೆ, ನಿಂತಿತು. ಬೆಳ್ಳಿಯ ಮಹಿಮೆ ಅಂತಲೇ ಬಹಳ ದಿನ ನಂಬಿದ್ದೆ. ಆಮೇಲೊಂದು ದಿನ ಹಳೇ ಕೇಬಲ್‌ನ ಪ್ಲಗ್ ಬಿಚ್ಚಿದರೆ ಶೀಲ್ಡ್ ಡ್ರೈ ಸೋಲ್ಡರ್ ಆಗಿತ್ತು (ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ), ಬೆರಳು ತಾಗಿದರೆ ಅಲ್ಲಾಡ್ತಿತ್ತು. ಕೆರೆದು ಮತ್ತೆ ಬೆಸುಗೆ ಹಾಕಿದೆ. ಅದೇ ತಾಮ್ರದ ಕೇಬಲ್ಲು, ಈಗ ಗುಂಯ್ ಇಲ್ಲ.

ಪ್ಲಗ್ ವಿಷಯಕ್ಕೆ ಬಂದರೆ, ಚಿನ್ನ ತಾಮ್ರಕ್ಕಿಂತ ಕಡಿಮೆ ವಾಹಕವೇ. ಅದರ ಗುಣ ಬೇರೆ, ಕಿಲುಬು ಹಿಡಿಯಲ್ಲ. ಬೆಳ್ಳಿ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತೆ. ಚಿನ್ನದ ಕೆಳಗೆ ನಿಕ್ಕಲ್ ಪದರ ಇರಬೇಕು, ಇಲ್ಲದಿದ್ದರೆ ತಾಮ್ರ ಚಿನ್ನದೊಳಗೆ ನುಸುಳಿ ಮೇಲೆ ಬರುತ್ತೆ. ಪದರದ ದಪ್ಪವನ್ನೂ ಕೇಳಿ. ಬರೀ ಬಣ್ಣಕ್ಕೆ ಅಂತ 0.1 ಮೈಕ್ರಾನ್ ಬಳಿದದ್ದು ಹಾಕಿ ತೆಗೆಯುತ್ತಿದ್ದರೆ ಬೇಗ ಸವೆಯುತ್ತೆ, 0.75 ಮೈಕ್ರಾನ್ ಇದ್ದರೆ ಬಾಳಿಕೆ ಬರುತ್ತೆ. ರೋಡಿಯಂ ತುಂಬಾ ಗಟ್ಟಿ, ದಿನಾ ಕಿತ್ತು ಹಾಕುವವರಿಗೆ ಸರಿ. ನಿಮಗೆ ಬೇಕಿಲ್ಲ. ತವರ ಲೇಪದ ಜ್ಯಾಕಿಗೆ ಚಿನ್ನದ ಪ್ಲಗ್ ಜೋಡಿ ಮಾಡಬೇಡಿ, ಅಲುಗಾಟಕ್ಕೆ ತವರದ ಮೇಲೆ ಆಕ್ಸೈಡ್ ಪುಡಿ ಕಟ್ಟಿಕೊಳ್ಳುತ್ತೆ.

ಮುಂದೆ ಟರ್ನ್‌ಟೇಬಲ್ ತರ್ತೀನಿ ಅಂದಿದ್ದೀರಲ್ಲ, ಅಲ್ಲಿ ಲೆಕ್ಕವೇ ಬೇರೆ. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್‌ಗೆ, ಅಂದರೆ ರೆಕಾರ್ಡಿನಿಂದ ಸಿಗ್ನಲ್ ತೆಗೆಯುವ ಮುಳ್ಳಿನ ಭಾಗಕ್ಕೆ, ಕೇಬಲ್‌ನ ಕೆಪಾಸಿಟೆನ್ಸ್‌ನ (ವಿದ್ಯುದಾವೇಶ ಹಿಡಿದಿಡುವ ಗುಣ) ಪರಿಣಾಮ ನಿಜವಾಗಿ ಕೇಳಿಸುತ್ತೆ, ಜಾಸ್ತಿಯಾದರೆ ಮೇಲಿನ ಸ್ವರ ಮೊದಲು ಉಬ್ಬಿ ಆಮೇಲೆ ಬೀಳುತ್ತೆ. ಮೀಟರಿಗೆ 100 ಪಿಕೋಫ್ಯಾರಡ್‌ಗಿಂತ ಕಡಿಮೆ ಇರೋದನ್ನ ಆರಿಸಿ, ಗಿಡ್ಡ ಇಡಿ.

ಹೊಸದು ತಗೊಳ್ಳೋ ಮುಂಚೆ ಈಗಿರೋ ಕೇಬಲ್‌ನ ಎರಡೂ ಪ್ಲಗ್‌ಗಳ ಹೊರ ಉಂಗುರಕ್ಕೆ ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು, ಕೇಬಲ್ಲನ್ನ ಪ್ಲಗ್ ಹತ್ತಿರ ಬಗ್ಗಿಸಿ ನೋಡಿ. ರೀಡಿಂಗ್ ಕುಣಿದರೆ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ಬೆಸುಗೆ ಹಾಕೋದು ಹೇಗಂತ ಹೇಳಿಕೊಡ್ತೀನಿ.