ಹಾರಲಾಗದ ಹಕ್ಕಿಗಳು ಗುಂಪು ಕಟ್ಟಿ ಬೇಟೆಯಾಡುವುದನ್ನು ನಂಬುವಂತೆ ಬರೆಯುವುದು ಹೇಗೆ?

ನಿಮ್ಮ ಕಲ್ಪನೆಯ ಜಗತ್ತಿನಲ್ಲಿ ಆಳೆತ್ತರದ, ಹಾರಲಾಗದ ಹಕ್ಕಿಗಳು ಇಪ್ಪತ್ತರ ಗುಂಪಿನಲ್ಲಿ ಬೇಟೆಯಾಡುತ್ತವೆ, ಇದನ್ನು ಯಾರಾದರೂ ನಂಬುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ನಂಬುತ್ತಾರೆ. ಆದರೆ ಬೇಟೆಯ ದೃಶ್ಯದಿಂದ ಶುರು ಮಾಡಬೇಡಿ, ಗೂಡಿನಿಂದ ಶುರು ಮಾಡಿ. ನಾನೂ ಇಂಥದ್ದೇ ಒಂದು ಹಕ್ಕಿಯನ್ನು ರೂಪಿಸುತ್ತಿದ್ದೇನೆ. ಕೊಡಲಿಕೊಕ್ಕ ಅಂತ ಹೆಸರಿಟ್ಟಿದ್ದೇನೆ.

ದೇಹದ ಮಟ್ಟಿಗೆ ಮಾದರಿ ನಮ್ಮ ಭೂಮಿಯಲ್ಲೇ ಇದೆ. ದಕ್ಷಿಣ ಅಮೆರಿಕದಲ್ಲಿ ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ, ಹಾರಲಾಗದ ಬೇಟೆಗಾರ ಹಕ್ಕಿಗಳಾದ 'ಟೆರರ್ ಬರ್ಡ್'ಗಳನ್ನು ನೋಡಿ. ಅವುಗಳಲ್ಲಿ ಕೆಲೆಂಕೆನ್ ಎಂಬುದರ ತಲೆಬುರುಡೆಯೇ ಸುಮಾರು 71 ಸೆಂ.ಮೀ. ಉದ್ದ. ಆಂಡಲ್‌ಗಲಾರ್ನಿಸ್ ಅದಕ್ಕಿಂತ ಚಿಕ್ಕದು, ಸುಮಾರು 40 ಕೆ.ಜಿ. ಅದರ ತಲೆಬುರುಡೆ ಎಷ್ಟು ಒತ್ತಡ ತಾಳುತ್ತದೆ ಎಂದು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಬಂತು. ಮೇಲಿಂದ ಕೆಳಗೆ ಕುಕ್ಕುವ ಏಟಿಗೆ ಕೊಕ್ಕು ಬಲು ಗಟ್ಟಿ. ಪಕ್ಕಕ್ಕೆ ತಿರುಚಿದರೆ ದುರ್ಬಲ.

ನನಗೆ ಇಡೀ ಪ್ರಾಣಿಯೇ ಕಣ್ಣಿಗೆ ಕಟ್ಟಿದ್ದು ಈ ದೌರ್ಬಲ್ಯದಿಂದ. ಒದ್ದಾಡುವ ದೊಡ್ಡ ಪ್ರಾಣಿಯನ್ನು ಇಂಥ ಕೊಕ್ಕಿನಲ್ಲಿ ಕಚ್ಚಿ ಹಿಡಿಯುವುದು ಅಪಾಯ. ಕುಕ್ಕಬೇಕು, ಹಿಂದೆ ಸರಿಯಬೇಕು, ಮತ್ತೆ ಕುಕ್ಕಬೇಕು. ಹಿಡಿದುಕೊಳ್ಳಲು ಕೈಯೂ ಇಲ್ಲ. ಒಂದೇ ಹಕ್ಕಿಯಾದರೆ ಅದು ಹಿಂದೆ ಸರಿದ ಗಳಿಗೆಯಲ್ಲಿ ಬೇಟೆ ಓಡಿಹೋಗುತ್ತದೆ. ಇನ್ನೆರಡು ಹಕ್ಕಿಗಳು ದಾರಿ ಕಟ್ಟಿ ನಿಂತರೆ? ಗುಂಪು ಬೇಕಾಗುವುದು ಇಲ್ಲೇ. ಟೆರರ್ ಬರ್ಡ್‌ಗಳು ಹೀಗೆ ಮಾಡುತ್ತಿದ್ದವು ಅಂತ ನಾನು ಹೇಳುತ್ತಿಲ್ಲ, ಗುಂಪು ನನ್ನ ಸೇರ್ಪಡೆ.

ಆದರೆ ಬೇಕು ಅಂದ ಮಾತ್ರಕ್ಕೆ ಗುಂಪು ಹುಟ್ಟುವುದಿಲ್ಲ ಅಲ್ವಾ? ಹ್ಯಾರಿಸ್ ಗಿಡುಗವನ್ನು ಗಮನಿಸಿ. ಅಮೆರಿಕ ಖಂಡಗಳ ಒಣ ಪ್ರದೇಶದ ಈ ಹಕ್ಕಿ ಹಾರುತ್ತದೆ ನಿಜ, ಆದರೂ ಬೇಟೆಯಾಡುವುದು ಗುಂಪಿನಲ್ಲಿ. ಒಂದು ಗಿಡುಗ ಪೊದೆಯೊಳಗಿನ ಮೊಲವನ್ನು ಎಬ್ಬಿಸುತ್ತದೆ, ಉಳಿದವು ಹೊರಗೆ ಕಾಯುತ್ತವೆ. ಈ ಗುಂಪಿನಲ್ಲಿ ಹೆಚ್ಚಾಗಿ ಇರುವುದು ಗೂಡು ಕಟ್ಟಿದ ಜೋಡಿ ಮತ್ತು ಅದಕ್ಕೆ ನೆರವಾಗುವವರು. ಹಿಂದಿನ ಮರಿಗಳು ದೊಡ್ಡವಾದ ಮೇಲೂ ಜೊತೆಯಲ್ಲೇ ಉಳಿಯುವುದುಂಟು.

ನೆಲದ ಮೇಲೆ ಮೊಟ್ಟೆಯಿಡುವ ಕೊಡಲಿಕೊಕ್ಕನಿಗೆ ಇಂಥ ಕುಟುಂಬ ಇನ್ನೂ ಅಗತ್ಯ. ಮೊಟ್ಟೆ ಕಾಯಲು ಒಬ್ಬರು ಸದಾ ಇರಲೇಬೇಕು. ಕಾವು ಕೊಡುವವರಿಗೂ ಯಾರಾದರೂ ಮಾಂಸ ತರಬೇಕು. ಹಾಗಾಗಿ ನನ್ನ ಹಕ್ಕಿಗಳು ಕಾಡುನಾಯಿಗಳಂತೆ ನುಂಗಿದ ಮಾಂಸವನ್ನು ಗೂಡಿನ ಬಳಿ ಕಕ್ಕುತ್ತವೆ. ಮರಿಗಳು ಪೂರ್ತಿ ಬೆಳೆಯಲು ಮೂರು ವರ್ಷ ಬೇಕು. ಅಷ್ಟರವರೆಗೆ ಕಿರಿಯ ಮರಿಗಳಿಗೆ ಉಣಿಸುತ್ತಾ, ದೊಡ್ಡವರ ಹಿಂದೆ ಓಡುತ್ತಾ ಬೇಟೆ ಕಲಿಯುತ್ತವೆ.

ಇಪ್ಪತ್ತು ಮಾತ್ರ ಜಾಸ್ತಿಯಾಯಿತು. ಹಂಚಿದರೆ ತಲೆಗೆ ಎಷ್ಟು ಸಿಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ನಾನು ಐದಾರಕ್ಕೆ ನಿಲ್ಲಿಸಿದ್ದೇನೆ.

ರೆಕ್ಕೆಯನ್ನು ಸುಮ್ನೆ ತೆಗೆದುಹಾಕಬೇಡಿ. ಬಹಳಷ್ಟು ಹಕ್ಕಿಗಳಿಗೆ ನಮಗೆ ಕಾಣದ ಅತಿನೇರಳೆ ಬೆಳಕು ಕಾಣುತ್ತದೆ. ಮೋಟು ರೆಕ್ಕೆಯ ಒಳಗೆ ಅಂಥ ಹೊಳಪಿನ ಪಟ್ಟೆ ಕೊಟ್ಟರೆ, ಓಡುತ್ತಲೇ ಜೊತೆಗಾರರಿಗೆ ಸನ್ನೆ ಮಾಡಬಹುದು. ದೂರದ ಕರೆಗೆ, ಹಾರಲಾಗದ ದೊಡ್ಡ ಹಕ್ಕಿ ಕ್ಯಾಸೊವರಿಯಂತೆ ತೀರಾ ತಗ್ಗಿನ ಗುಡುಗುದನಿ ಚೆನ್ನ. ಅದು ದಟ್ಟ ಕಾಡಿನಲ್ಲೂ ದೂರಕ್ಕೆ ಹೋಗುತ್ತದೆ.

ಕೊನೆಯದಾಗಿ, ನಿಮ್ಮ ಹಕ್ಕಿ ಏನು ತಿನ್ನುತ್ತದೆ ಅಂತ ನೀವು ಬರೆದೇ ಇಲ್ಲ. ಒಂಟಿಯಾಗಿ ಕೊಲ್ಲಬಹುದಾದ ಸಣ್ಣ ಪ್ರಾಣಿಗಳೇ ಎಲ್ಲೆಡೆ ತುಂಬಿದ್ದರೆ ಗುಂಪು ಒಡೆದುಹೋಗುತ್ತದೆ. ಒಂದು ಹಕ್ಕಿಯ ಕೈಗೆ ಮೀರಿದ, ಆದರೆ ಆರಕ್ಕೆ ಎಟುಕುವ ಒಂದು ಮೇಯುವ ಪ್ರಾಣಿಯನ್ನು ಮೊದಲು ರೂಪಿಸಿ. ಅದರ ವಿವರ ಹಾಕಿದರೆ ಓಟದ ವೇಗ, ಕಾಲಿನ ಉದ್ದ ಎಲ್ಲವನ್ನೂ ಒಟ್ಟಿಗೆ ಕೂತು ಲೆಕ್ಕ ಹಾಕೋಣ.