ಹಳೆ ಡೆಸ್ಕ್‌ಟಾಪ್ ಗುಜರಿಗೆ ಹಾಕೋ ಮೊದಲು

ಪ್ರಶ್ನೆ: ಚಿತ್ತಾಪುರದಾಗ ನಮ್ದು ಸಣ್ಣ ಆನ್‌ಲೈನ್ ಸೆಂಟರ್ ಅದರಿ. ಎರಡು ಹಳೇ ಡೆಸ್ಕ್‌ಟಾಪ್ ಮೂಲ್ಯಾಗ ಬಿದ್ದಾವ, ಎರಡೂ ಇಂಟೆಲ್‌ನ ಹಳೇ ಕೋರ್ 2 ಡ್ಯುಯೊ ಪ್ರೊಸೆಸರಿನವು. ಒಂದು ಚಾಲೂ ಆಗ್ತದ. ಇನ್ನೊಂದರದು ಫ್ಯಾನ್ ತಿರುಗ್ತದ, ಡಿಸ್‌ಪ್ಲೇ ಬರಂಗಿಲ್ಲ. ಗುಜರಿಯವ್ರು ತೂಕದ ಮ್ಯಾಲ ಕೇಳ್ಲಿಕತ್ತಾರ. ಏನೇನು ತಕ್ಕೊಂಡು ಕೊಡಬೇಕು, ಹ್ಯಾಂಗ ಬಿಚ್ಚಬೇಕು?

ಉತ್ತರ: ಚಾಲೂ ಇರುವ ಯಂತ್ರವನ್ನು ಈಗಲೇ ಬಿಚ್ಚಬೇಡಿ. ಟೇಬಲ್ ಮೇಲೆ ಬಿದ್ದ ಭಾಗ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಿ ಹೇಳಲಾಗದು. ಪರೀಕ್ಷೆಗೆ ಓಡುವ ಯಂತ್ರ ಒಂದು ಬೇಕೇ ಬೇಕು.

ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದಿದ್ದರೆ ಮೊದಲ ಅನುಮಾನ ಬೋರ್ಡಿಗೆ (ಮದರ್‌ಬೋರ್ಡ್) ಸಿಕ್ಕಿಸುವ ನೆನಪಿನ ಪಟ್ಟಿ, ಅಂದರೆ ರ‍್ಯಾಮ್ ಮೇಲೆ. ದಾಲ್ ಮಿಲ್ಲಿನ ಧೂಳು, ಕರಿಮಣ್ಣಿನ ಪುಡಿ ಸ್ಲಾಟಿನೊಳಗೆ ಕೂತು ಸಂಪರ್ಕ ತಪ್ಪಿಸುತ್ತದೆ. ರ‍್ಯಾಮ್ ತೆಗೆದು ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಸ್ಲಾಟಿಗೆ ಬ್ರಷ್ ಆಡಿಸಿ, ಮತ್ತೆ ಕೂರಿಸಿ ನೋಡಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಏಳದಿದ್ದರೆ ಆ ರ‍್ಯಾಮನ್ನು ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಿ. ಡಿಡಿಆರ್2, ಡಿಡಿಆರ್3 ಎಂಬ ಎರಡು ಜಾತಿಗೂ 240 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಸುಲಭವಾಗಿ ಕೂರದಿದ್ದರೆ ಒತ್ತಬೇಡಿ, ಜಾತಿ ಬೇರೆ ಎಂದರ್ಥ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಬೋರ್ಡಿನ ಕತೆ ಮುಗಿದಂತೆಯೇ.

ಇನ್ನು ಬಿಚ್ಚುವುದು. ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ನಮ್ಮ ಕಡೆಯ ಬೇಸಿಗೆಯ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಹೆಚ್ಚು. ಪಾಲಿಸ್ಟರ್ ಬಟ್ಟೆ ಬೇಡ. ಆಗಾಗ ಕೇಸಿನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ, ಬಿಚ್ಚಿದ ಭಾಗಗಳನ್ನು ರಟ್ಟಿನ ಮೇಲಿಡಿ. ಸಾದಾ ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ.

ಮುಂಭಾಗದ ಬಟನ್, ಲೈಟುಗಳಿಂದ ಬರುವ ಸಣ್ಣ ವೈರುಗಳ ಫೋಟೊ ತೆಗೆದುಕೊಂಡು ಕೇಬಲ್ ಕೀಳಿ. ಆಮೇಲೆ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ರ‍್ಯಾಮ್, ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಡಬ್ಬಿ), ಕೊನೆಗೆ ಬೋರ್ಡ್. ಸ್ಕ್ರೂಗಳಲ್ಲಿ ಎರಡು ಜಾತಿ. ಹಾರ್ಡ್ ಡಿಸ್ಕಿಗೆ, ಕೇಸಿಗೆ ಬರುವುದು ದಪ್ಪ ಮರೆಯದ್ದು (ಮರೆ ಎಂದರೆ ಸ್ಕ್ರೂವಿನ ಮೈಮೇಲಿನ ಸುತ್ತು). ಡಿವಿಡಿ ಡ್ರೈವಿಗೆ ಸಣ್ಣ ಮರೆಯ 3 ಮಿ.ಮೀ. ಸ್ಕ್ರೂ. ಬೆರೆಸಿ ಒಂದರ ಜಾಗಕ್ಕೆ ಇನ್ನೊಂದನ್ನು ಬಿಗಿದರೆ ಮರೆ ಕೆಡುತ್ತದೆ. ಎರಡು ಡಬ್ಬಿ ಮೊದಲೇ ಇಟ್ಟುಕೊಳ್ಳಿ.

ಜನ ಕೆಡಿಸುವುದು ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡಿನಲ್ಲಿ, ಅಂದರೆ ಹೀಟ್ ಸಿಂಕಿನಲ್ಲಿ. ನಿಮ್ಮ ಯಂತ್ರದ ಇಂಟೆಲ್ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಗೂಟ ಇರುತ್ತವೆ. ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಿರಿ. ಪ್ರೊಸೆಸರ್, ಹೀಟ್ ಸಿಂಕಿನ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಹತ್ತಾರು ಬೇಸಿಗೆ ಕಂಡು ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಏನನ್ನೂ ಬಿಚ್ಚುವ ಮೊದಲೇ ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಬಂದ್ ಮಾಡಿ, ಪವರ್ ಕೇಬಲ್ ಕಿತ್ತು, ಬಿಸಿ ಇರುವಾಗಲೇ ಹೀಟ್ ಸಿಂಕನ್ನು ಎಡಬಲ ಸ್ವಲ್ಪ ತಿರುವಿ ಎತ್ತಿ. ಈ ಇಂಟೆಲ್ ಬೋರ್ಡಿನಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ. ಬೆರಳು ತಾಗಿ ಬಾಗಿದರೆ ಬೋರ್ಡ್ ಹೋಯಿತು. ಅದೇ ಕಾಲದ ಎಎಂಡಿ ಯಂತ್ರವಾದರೆ ಪಿನ್ ಪ್ರೊಸೆಸರಿನ ಅಡಿಯಲ್ಲಿರುತ್ತವೆ. ನೇರವಾಗಿ ಎಳೆದರೆ ಪ್ರೊಸೆಸರ್ ಹೀಟ್ ಸಿಂಕಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ.

ಇಟ್ಟುಕೊಳ್ಳಬೇಕಾದ್ದು: ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್, ಸಿಪಿಯು ಫ್ಯಾನ್, ಸ್ಕ್ರೂ. ರ‍್ಯಾಮ್ ಅದೇ ಕಾಲದ ಬೋರ್ಡಿಗಷ್ಟೇ ಉಪಯೋಗ. 2 ಜಿಬಿಯ ಎರಡು ತುಂಡು ಸಿಕ್ಕರೆ ಓಡುವ ಯಂತ್ರಕ್ಕೇ ಹಾಕಿ. ಅದರ ಬೋರ್ಡಿನ ಮುಖ್ಯ ಚಿಪ್ ಜಿ31 ಚಿಪ್‌ಸೆಟ್ ಆಗಿದ್ದರೆ 4 ಜಿಬಿಯೇ ಮಿತಿ. ಜೊತೆಗೆ ಹಾರ್ಡ್ ಡಿಸ್ಕಿಗಿಂತ ವೇಗದ ಒಂದು ಸಣ್ಣ ಎಸ್‌ಎಸ್‌ಡಿ ಕೂರಿಸಿದರೆ ಅರ್ಜಿ ಟೈಪ್ ಮಾಡಲು, ಪ್ರಿಂಟ್ ತೆಗೆಯಲು ಇನ್ನೂ ಸಾಕು. ಅದನ್ನು ಬಿಚ್ಚುವುದು ನಮ್ಮ ಪ್ರಕಾರ ನಷ್ಟವೇ.

ಪ್ರಶ್ನೆ: ಹಳೆ ಹಾರ್ಡ್ ಡಿಸ್ಕಿನಲ್ಲಿ ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳಿವೆ. ಡಿಲೀಟ್ ಮಾಡಿ ಮಾರಬಹುದೇ? (ಹುಮನಾಬಾದ್)

ಉತ್ತರ: ಬರೀ ಡಿಲೀಟ್ ಸಾಲದು, ಕ್ವಿಕ್ ಫಾರ್ಮ್ಯಾಟ್ ಕೂಡ ಸಾಲದು. ಎರಡರಲ್ಲೂ ಹೋಗುವುದು ಕಡತಗಳ ವಿಳಾಸವಷ್ಟೇ. ರಿಕವರಿ ಸಾಫ್ಟ್‌ವೇರಿಗೆ ಎಲ್ಲ ಸಿಗುತ್ತದೆ. ವಿಂಡೋಸ್ 7 ಅಥವಾ ಆನಂತರದ ಯಂತ್ರಕ್ಕೆ ಜೋಡಿಸಿ, ಫಾರ್ಮ್ಯಾಟ್ ಕಿಟಕಿಯಲ್ಲಿ ‘ಕ್ವಿಕ್’ ಗುರುತು ತೆಗೆದು, ಪ್ರತಿ ಪಾರ್ಟಿಶನ್ನನ್ನೂ (ಸಿ, ಡಿ ಎಂಬ ಭಾಗಗಳು) ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಎರಡು ತಾಸು ಹಿಡಿಯಬಹುದು. ಸಿ ಡ್ರೈವನ್ನೂ ಅಳಿಸಬೇಕೆಂದರೆ ಆ ಡಿಸ್ಕಿನಿಂದಲೇ ವಿಂಡೋಸ್ ಓಡುತ್ತಿರಬಾರದು, ಇನ್ನೊಂದು ಯಂತ್ರಕ್ಕೇ ಜೋಡಿಸಬೇಕು.

ಮರುಬಳಕೆಗೆ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ 05 ಮತ್ತು ಸಿ5 ಸಾಲು (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ನೋಡಿ. ಎರಡರ ಕಚ್ಚಾ ಅಂಕಿಯೂ ಸೊನ್ನೆಯಿದ್ದರೆ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು. ಅಂಕಿ ಏರುತ್ತಿದ್ದರೆ ನಂಬಬೇಡಿ. ಹೊರಗಿನ ಕೇಸಿಂಗ್ ಕೊಳ್ಳುವಾಗ 12 ವೋಲ್ಟ್ ಅಡಾಪ್ಟರ್ ಜೊತೆಗಿರುವುದನ್ನೇ ಕೇಳಿ. 3.5 ಇಂಚಿನ ಡಿಸ್ಕಿನ ಮೋಟರಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ಮಾತ್ರ.

ಓದಲು ಬಾರದ ಸತ್ತ ಡಿಸ್ಕಾದರೆ ನಕ್ಷತ್ರದ ತಲೆಯ ಟಿ8 ಸ್ಕ್ರೂ ಡ್ರೈವರಿನಿಂದ ಮುಚ್ಚಳ ತೆಗೆದು ತಟ್ಟೆಗಳನ್ನು ಆಳವಾಗಿ ಗೀರಿ. ಒಂದು ಸ್ಕ್ರೂ ಲೇಬಲ್ಲಿನ ಅಡಿಯಲ್ಲಿ ಅಡಗಿರುತ್ತದೆ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಗಾಜಿನದಿರಬಹುದು; ಸುತ್ತಿಗೆ ಹಾಕಿದರೆ ಚೂರು ಕಣ್ಣಿಗೆ ಹಾರುತ್ತದೆ.

ಪ್ರಶ್ನೆ: ಹಳೆ ಎಸ್‌ಎಂಪಿಎಸ್‌ನಿಂದ ತೊಗರಿಗೆ ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ಚಾರ್ಜ್ ಮಾಡಬಹುದೇ? (ಸುರಪುರ)

ಉತ್ತರ: ಬೇಡ. ಪಂಪಿನ 12 ವೋಲ್ಟ್ ಲೆಡ್ ಬ್ಯಾಟರಿ ತುಂಬಲು ಸುಮಾರು 14 ವೋಲ್ಟ್ ಬೇಕು. ಎಸ್‌ಎಂಪಿಎಸ್ 12ಕ್ಕೇ ನಿಲ್ಲುವುದರಿಂದ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿದು ಬೇಗ ಸಾಯುತ್ತದೆ. ಪಂಪಿನ ಜೊತೆ ಬಂದ ಚಾರ್ಜರನ್ನೇ ಬಳಸಿ.

12 ವೋಲ್ಟ್ ಎಲ್‌ಇಡಿ ಪಟ್ಟಿ, ಸಣ್ಣ ಫ್ಯಾನ್ ಓಡಿಸಲು ಅಡ್ಡಿಯಿಲ್ಲ. 24 ಪಿನ್ ಪ್ಲಗ್ಗಿನ ಹಸಿರು ವೈರನ್ನು ಯಾವುದಾದರೂ ಕಪ್ಪು ವೈರಿಗೆ ತಂತಿ ತುಂಡಿನಿಂದ ಸೇರಿಸಿ, ಭಾರಕ್ಕೆ (ಸ್ವಲ್ಪ ವಿದ್ಯುತ್ ಎಳೆಯಲು) ಹಳೆ ಡಿವಿಡಿ ಡ್ರೈವ್ ಸಿಕ್ಕಿಸಿ, ಆಮೇಲೆ ಮೇನ್ ಸ್ವಿಚ್ ಹಾಕಿ. ಮೀಟರಿನಲ್ಲಿ ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟಿನೊಳಗೆ ಇರಬೇಕು. ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದನ್ನು ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಎದುರಿಗಿರುವ ಆಂಪಿಯರ್ 15 ಆಗಿದ್ದರೆ ಸಿಗುವುದು 180 ವ್ಯಾಟ್. ಹಳೆಯದಕ್ಕೆ ಅದರ ಅರ್ಧಕ್ಕಿಂತ ಹೆಚ್ಚು ಭಾರ ಹಾಕಬೇಡಿ.

ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಸುಮಾರು 320 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಪ್ರಶ್ನೆ: ಬೋರ್ಡಿನಿಂದ ಬಂಗಾರ ತೆಗೆಯುವ ವಿಡಿಯೊ ನೋಡಿದೆ. ಮನೆಯಲ್ಲಿ ಸಾಧ್ಯವೇ? (ಆಳಂದ)

ಉತ್ತರ: ಮಾಡಬೇಡಿ. ಅದಕ್ಕೆ ಬಳಸುವ ನೈಟ್ರಿಕ್ ಆಮ್ಲದಿಂದೇಳುವ ಕಂದು ಹೊಗೆ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ, ಕೆಲವೊಮ್ಮೆ ತೊಂದರೆ ಗೊತ್ತಾಗುವುದೇ ಗಂಟೆಗಟ್ಟಲೆ ತಡವಾಗಿ. ಬಂಗಾರವಿರುವುದು ಪಿನ್ನುಗಳ ಮೇಲೆ ತೆಳು ಲೇಪವಾಗಿ; ಒಂದೆರಡು ಬೋರ್ಡಿನದು ಆಮ್ಲದ ಖರ್ಚಿಗೂ ಸಾಲದು. ತಾಮ್ರಕ್ಕಾಗಿ ವೈರ್ ಸುಡುವುದೂ ಬೇಡ, ಹಳೆ ದಪ್ಪ ಮಾನಿಟರ್ ಒಡೆಯುವುದೂ ಬೇಡ. ಆ ಮಾನಿಟರಿನ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ಸೇರಬೇಕಾದ್ದು ನೋಂದಾಯಿತ ಮರುಬಳಕೆದಾರರಿಗೆ. ಅಂಥವರು ಯಾರೆಂದು ಕಲಬುರಗಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಬೋರ್ಡುಗಳನ್ನು ಒಣ ಜಾಗದಲ್ಲಿಡಿ. ಬೋರ್ಡಿನಲ್ಲಿರುವ ನಾಣ್ಯದಂಥ ಗುಂಡಿ ಬ್ಯಾಟರಿಯನ್ನು ತೆಗೆದು ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ. ನುಂಗಿದರೆ ಅನ್ನನಾಳ ಸುಡುತ್ತದೆ.