ಬೇಕಾದ ಆಲ್ಬಂಗಳ ಪಟ್ಟಿ ಎಲ್ಲಿಡಲಿ?

ಪ್ರಶ್ನೆ: ಹಳೆ ಎಲ್‌ಪಿ ರೆಕಾರ್ಡು, ಸಿ.ಡಿ. ಕೊಳ್ಳುವ ಹುಚ್ಚು ನನಗೆ. ಬೇಕಾದವುಗಳ ಹೆಸರು ಚೀಟಿ, ವಾಟ್ಸಾಪ್, ಸ್ಕ್ರೀನ್‌ಶಾಟ್ ಅಂತ ಹರಡಿಕೊಂಡಿವೆ. ಬೆಂಗಳೂರಿನ ಅಂಗಡಿಯಲ್ಲಿ ನಿಂತಾಗ ಒಂದೂ ಕೈಗೆ ಸಿಗುವುದಿಲ್ಲ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ಸ್ಕ್ರೀನ್‌ಶಾಟ್ ಬಿಡಿ ಮಾರಾಯ್ರೇ. ಮದುವೆ ಫೋಟೋಗಳ ಮಧ್ಯೆ ಸೇರಿಹೋದರೆ ಮುಗೀತು. ಡಿಸ್ಕಾಗ್ಸ್ ಅಂತ ರೆಕಾರ್ಡು, ಸಿ.ಡಿ.ಗಳ ವಿವರ ಇರುವ ಒಂದು ಜಾಲತಾಣವಿದೆ, 2000ರಲ್ಲಿ ಶುರುವಾದದ್ದು. ಬೇಕಾದ್ದನ್ನು 'ವಾಂಟ್‌ಲಿಸ್ಟ್'ನಲ್ಲಿ, ಇರುವುದನ್ನು 'ಕಲೆಕ್ಷನ್'ನಲ್ಲಿ ಬೇರೆಬೇರೆ ಇಡಬಹುದು. ಜಾಜ್, ರಾಕ್‌ಗೆ ಅದು ಸಾಕು. ಕನ್ನಡದ ಭಾವಗೀತೆ ಕ್ಯಾಸೆಟ್‌ಗಳೆಲ್ಲ ಅಲ್ಲಿಲ್ಲ, ಹಾಗಾಗಿ ಗೂಗಲ್ ಶೀಟ್‌ನಲ್ಲಿ ಸ್ವಂತ ಪಟ್ಟಿಯೊಂದು ಬೇಕೇ ಬೇಕು.

ಸುಮ್ನೆ ಹೆಸರು ಬರೆದರೆ ಸಾಲದು. ಶರೀಫರ ಹಾಡುಗಳನ್ನೇ ತೆಗೆದುಕೊಳ್ಳಿ, ಸಿ. ಅಶ್ವಥ್ ಹಾಡಿದ್ದೂ ಇದೆ, ಬೇರೆಯವರು ಹಾಡಿದ್ದೂ ಇದೆ, ಅಂಗಡಿಯ ರಾಶಿಯಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಗಾಯಕರು, ಕಂಪನಿ, ಮುಖ್ಯವಾಗಿ ಕ್ಯಾಟಲಾಗ್ ನಂಬರ್, ಅಂದರೆ ಕಂಪನಿ ಆ ಆಲ್ಬಂಗೆ ಕೊಟ್ಟ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಎಲ್‌ಪಿಯಲ್ಲಾದರೆ ಅದು ನಡುವಿನ ದುಂಡನೆ ಲೇಬಲ್ ಮೇಲೆ ಇರುತ್ತದೆ, ಸಿ.ಡಿ.ಯಲ್ಲಾದರೆ ಸಾಮಾನ್ಯವಾಗಿ ಡಬ್ಬಿಯ ಅಂಚಿನಲ್ಲಿ. 12 ಇಂಚಿನ ಎಲ್‌ಪಿಯೋ 7 ಇಂಚಿನ ಇಪಿಯೋ ಅಂತಲೂ ಹಾಕಿ, ಇಪಿಯಲ್ಲಿ ಬರುವುದು ಹೆಚ್ಚಾಗಿ ನಾಲ್ಕೇ ಹಾಡು. ಎಷ್ಟು ರೂಪಾಯಿವರೆಗೆ ಕೊಡಬಹುದು ಅನ್ನೋದನ್ನು ಮನೆಯಲ್ಲೇ ಬರೆದಿಡಿ, ಕವರ್ ಕೈಗೆ ಬಂದ ಮೇಲೆ ಲೆಕ್ಕ ಯಾರಿಗೆ ನೆನಪಿರುತ್ತದೆ ಅಲ್ವಾ?

ನಿಮ್ಮ ಕಡೆ ನೆಟ್‌ವರ್ಕ್ ಕೈಕೊಡುವುದು ಜಾಸ್ತಿ, ಶೀಟನ್ನು ಆಫ್‌ಲೈನ್ ಮಾಡಿಡಿ. ಕೊಂಡದ್ದನ್ನು ಅವತ್ತೇ ಪಟ್ಟಿಯಿಂದ ತೆಗೆಯಿರಿ. ವಾಪಸ್ ಬರುವ ಬಸ್ಸು ಹಾಸನ ಮುಟ್ಟುವುದರೊಳಗೆ ಆಗುವ ಕೆಲಸ.